ಐದನೇ ದಿನದ ನೋವು: ದೊಡ್ಡವರು ಟಾನ್ಸಿಲ್ ತೆಗೆಸಿಕೊಂಡ ನಂತರದ ಎರಡು ವಾರ

ಟಾನ್ಸಿಲ್ ತೆಗೆಸಿಕೊಂಡು ಮನೆಗೆ ಬಂದ ಮರುದಿನ ಗಂಜಿ ಕುಡಿದು, ಮೆಲ್ಲಗೆ ನಾಲ್ಕು ಮಾತಾಡಿ, "ಇಷ್ಟೆಯಾ ಇದು" ಎಂದವರೇ ಐದನೇ ದಿನ ಬೆಳಗ್ಗೆ ಎಂಜಲು ನುಂಗಲಾಗದೆ ಬಟ್ಟಲಿಗೆ ಉಗುಳುತ್ತಾ ಕೂತಿರುತ್ತಾರೆ. ಮನೆಯವರಿಗೆ ಗಾಬರಿ: ಇಳಿಯಬೇಕಾದ ನೋವು ಏರುತ್ತಿದೆ, ಬಾಯಿ ತೆರೆದರೆ ವಾಸನೆ, ಗಂಟಲ ತುಂಬ ಬಿಳಿ ಬಿಳಿ, ಕಿವಿಯೂ ಸಿಡಿಯುತ್ತಿದೆ. ಕೀವಾಯಿತು ಎಂದುಕೊಂಡು ಒಬ್ಬರು ಹಳೆಯ ಆಂಟಿಬಯೋಟಿಕ್ ಚೀಟಿ ಹುಡುಕುತ್ತಾರೆ, ಇನ್ನೊಬ್ಬರು ಒಳ್ಳೆಮೆಣಸಿನ ಕಷಾಯಕ್ಕೆ ನೀರಿಡುತ್ತಾರೆ. ಎರಡೂ ಬೇಡ. ಇದೆಲ್ಲ ಗಾಯ ಮಾಗುವ ಕ್ರಮದಲ್ಲೇ ಬರುವಂಥದ್ದು. ಆದರೆ ಅದೇ ಐದರಿಂದ ಹತ್ತನೇ ದಿನದ ಒಳಗೆ ಸಹಜವಲ್ಲದ ಒಂದು ಸಂಗತಿಯೂ ಆಗಬಹುದು, ಅದು ರಕ್ತಸ್ರಾವ. ಯಾವುದನ್ನು ಸಹಿಸಿಕೊಂಡು ಕಾಯಬೇಕು, ಯಾವುದು ಕಂಡರೆ ನಡುರಾತ್ರಿಯಾದರೂ ಜೀಪು ಕರೆಸಬೇಕು ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ಮನೆಯವರೆಲ್ಲ ತಿಳಿದುಕೊಂಡಿರಬೇಕು.

ಗಂಟಲಲ್ಲಿ ಆಗಿರುವುದೇನು

ಕನ್ನಡಿಯ ಮುಂದೆ ಬಾಯಿ ಅಗಲಿಸಿದರೆ ಕಿರುನಾಲಿಗೆಯ ಎರಡು ಬದಿಗಳಲ್ಲೂ ಕಮಾನಿನಂತೆ ಇಳಿಯುವ ಎರಡೆರಡು ಮಡಿಕೆಗಳು ಕಾಣುತ್ತವೆ. ಮುಂದಿನ ಮಡಿಕೆಗೂ ಹಿಂದಿನ ಮಡಿಕೆಗೂ ನಡುವಿನ ಗುಳಿಯಲ್ಲಿ ಕೂತಿರುವುದೇ ಟಾನ್ಸಿಲ್. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಇದನ್ನು ಅದರ ಕವಚದ ಸಮೇತ ಹಿಂದಿನ ಸ್ನಾಯುವಿನಿಂದ ಬಿಡಿಸಿ ತೆಗೆಯುತ್ತಾರೆ. ಅರ್ಧದಿಂದ ಮುಕ್ಕಾಲು ಗಂಟೆಯ ಕೆಲಸ. ರಕ್ತ ಒಸರುವ ಜಾಗಗಳನ್ನು ಕಟ್ಟಿಯೋ ಸುಟ್ಟೋ ನಿಲ್ಲಿಸುತ್ತಾರೆ. ಆಮೇಲೆ ಆ ಗುಳಿಯನ್ನು ಹೊಲಿದು ಮುಚ್ಚುವುದಿಲ್ಲ, ಬ್ಯಾಂಡೇಜು ಹಾಕುವುದೂ ಸಾಧ್ಯವಿಲ್ಲ. ದೊಡ್ಡ ಬೆರಳ ತುದಿಯಷ್ಟು ಅಗಲದ ಎರಡು ಹಸಿ ಗಾಯಗಳು ಬಾಯಿ ತೆರೆದುಕೊಂಡೇ ಇರುತ್ತವೆ. ದಿನಕ್ಕೆ ನೂರಾರು ಸಲ ನಾವು ಎಂಜಲು ನುಂಗುತ್ತೇವೆ, ಪ್ರತಿ ಸಲವೂ ಆ ಗಾಯದ ತಳದ ಸ್ನಾಯುವೇ ಹಿಂಡಿಕೊಳ್ಳುತ್ತದೆ. ಮುಂದಿನ ಪಥ್ಯ, ಔಷಧಿ, ಎಚ್ಚರಿಕೆ ಎಲ್ಲವೂ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಮಕ್ಕಳು ಬೇಗನೆ ಆಟಕ್ಕಿಳಿಯುತ್ತಾರೆ, ದೊಡ್ಡವರಿಗೇಕೆ ಎರಡು ವಾರ? ವರ್ಷಗಟ್ಟಲೆ ಮತ್ತೆ ಮತ್ತೆ ಸೋಂಕು ಬಂದು ಹೋದ ಟಾನ್ಸಿಲ್ ಕಲೆಗಟ್ಟಿ ಹಿಂದಿನ ಸ್ನಾಯುವಿಗೆ ಅಂಟಿಕೊಂಡಿರುತ್ತದೆ. ಮಕ್ಕಳಲ್ಲಿ ಸುಲಭವಾಗಿ ಸುಲಿದು ಬರುವುದು ದೊಡ್ಡವರಲ್ಲಿ ಕೊರೆದು ಬಿಡಿಸಬೇಕಾಗುತ್ತದೆ. ಬಾವು ಕಟ್ಟಿ ಕೀವಾದ ಚರಿತ್ರೆ ಇದ್ದವರಲ್ಲಂತೂ ಇನ್ನೂ ಹೆಚ್ಚು.

ಇಷ್ಟು ಕಷ್ಟಪಟ್ಟು ತೆಗೆಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ವೈದ್ಯರು ಸಾಮಾನ್ಯವಾಗಿ ನೋಡುವ ಲೆಕ್ಕ ಹೀಗಿದೆ: ಒಂದು ವರ್ಷದಲ್ಲಿ 7 ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ ಜ್ವರ ಸಹಿತ ಟಾನ್ಸಿಲ್ ಬಾವು. ಗೊರಕೆಯೊಡನೆ ನಿದ್ದೆಯಲ್ಲಿ ಉಸಿರು ಕಟ್ಟುವುದು, ಟಾನ್ಸಿಲ್ ಬದಿಯಲ್ಲಿ ಪದೇ ಪದೇ ಕೀವು ತುಂಬುವುದು, ಒಂದು ಬದಿಯದು ಮಾತ್ರ ದೊಡ್ಡದಾಗುವುದು ಬೇರೆ ಕಾರಣಗಳು. ಬ್ರಿಟನ್ನಿನಲ್ಲಿ 453 ವಯಸ್ಕರನ್ನು ಎರಡು ವರ್ಷ ಗಮನಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೆಗೆಸಿಕೊಂಡವರಿಗೆ ಆ ಎರಡು ವರ್ಷದಲ್ಲಿ ಗಂಟಲು ನೋವಿದ್ದದ್ದು ಸುಮಾರು 23 ದಿನ, ತೆಗೆಸದೆ ಮದ್ದಿನಲ್ಲೇ ಮುಂದುವರಿದವರಿಗೆ 30 ದಿನ. ಶಸ್ತ್ರಕ್ರಿಯೆಯ ನಂತರದ ನೋವೂ ಆ 23ರಲ್ಲಿ ಸೇರಿದೆ. ಲಾಭ ಇದೆ, ಆದರೆ ಅದು ಮುಂದಿನ ತಿಂಗಳುಗಳಲ್ಲಿ ಕೈಗೆ ಬರುವಂಥದ್ದು. ಮೊದಲ ಎರಡು ವಾರ ಕಂತು ಕಟ್ಟುವ ಕಾಲ.

ಬಿಳಿ ಪೊರೆ ಬರುವುದು, ಹೋಗುವುದು

ಶಸ್ತ್ರಕ್ರಿಯೆಯ ದಿನ ಅರಿವಳಿಕೆ ಮತ್ತು ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್‌ಗಳ ಬಲ ಇರುತ್ತದೆ. ಎರಡನೇ ದಿನದ ಹೊತ್ತಿಗೆ ಎರಡೂ ಗುಳಿಗಳ ಮೇಲೆ ಬಿಳಿ ಅಥವಾ ತುಸು ಹಳದಿ ಪೊರೆ ಕಟ್ಟುತ್ತದೆ. ಮೊಣಕಾಲು ತರಚಿದರೆ ಮೇಲೆ ಕಂದು ಹಕ್ಕಳೆ ಕಟ್ಟುವಂತೆಯೇ ಇದು. ಸದಾ ಎಂಜಲಿನಲ್ಲಿ ನೆನೆಯುವುದರಿಂದ ಒಣಗಿ ಕಂದಾಗದೆ ಬೆಳ್ಳಗೆ ಕಾಣುತ್ತದೆ. ಇದು ಕೀವಲ್ಲ. ಬೆರಳಿನಿಂದಲೋ ಬ್ರಷ್ಷಿನಿಂದಲೋ ಹತ್ತಿಯಿಂದಲೋ ಕೆರೆದು ತೆಗೆಯಲೇಬಾರದು. ಬಾಯಿಯ ದುರ್ವಾಸನೆಗೆ ಕಾರಣವೂ ಈ ಪೊರೆಯೇ, ಒಂದೂವರೆ ವಾರದಲ್ಲಿ ಅದು ತಾನಾಗಿ ಹೋಗುತ್ತದೆ.

ಐದನೇ ದಿನದಿಂದ ಹತ್ತನೇ ದಿನದೊಳಗೆ ಈ ಪೊರೆ ಅಂಚಿನಿಂದ ಸಡಿಲಗೊಂಡು ಚೂರು ಚೂರಾಗಿ ಕಳಚುತ್ತದೆ. ಕೆಳಗಿನ ಎಳೆಯ ಚರ್ಮ ಇನ್ನೂ ಪೂರ್ತಿ ಬಂದಿರುವುದಿಲ್ಲ, ನರದ ತುದಿಗಳು ಮತ್ತೆ ಬಯಲಾಗುತ್ತವೆ. ನೋವು ಮರಳಿ ಏರುವುದು ಈ ಕಾರಣಕ್ಕೆ. ಹತ್ತನೇ ದಿನ ದಾಟಿದ ಮೇಲೆ ಒಂದು ಬೆಳಗ್ಗೆ ಎದ್ದಾಗ ನುಂಗುವುದು ಫಕ್ಕನೆ ಹಗುರವೆನಿಸುತ್ತದೆ. ಗುಳಿಗಳು ಗುಲಾಬಿ ಬಣ್ಣಕ್ಕೆ ತಿರುಗಿ ಪೂರ್ತಿ ಮುಚ್ಚಿಕೊಳ್ಳಲು ಮೂರು ನಾಲ್ಕು ವಾರ ಬೇಕು.

ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಮೊಬೈಲಿನ ಟಾರ್ಚಿನ ಬೆಳಕಲ್ಲಿ ಗಂಟಲಿನ ಫೋಟೊ ತೆಗೆದಿಟ್ಟರೆ ಬಹಳ ಪ್ರಯೋಜನ. ನಾಲಗೆಯನ್ನು ಚಮಚದಿಂದ ಒತ್ತಬೇಡಿ, ಬಾಯಿ ಅಗಲಿಸಿ ಸುಮ್ಮನೆ "ಆ" ಎಂದರೆ ಸಾಕು. ಸಂದೇಹ ಬಂದರೆ ವೈದ್ಯರಿಗೆ ನಿನ್ನೆಯದನ್ನೂ ಇಂದಿನದನ್ನೂ ಜೊತೆಗೇ ಕಳಿಸಬಹುದು. ಕಿರುನಾಲಿಗೆ ಊದಿ ಕಳಿತ ದ್ರಾಕ್ಷಿಯಂತೆ ನೇತಾಡುವುದು, ರಾತ್ರಿ ಗೊರಕೆ ಹೆಚ್ಚುವುದು, ದವಡೆ ಬಿಗಿಯುವುದು, ನಾಲಗೆಯ ಒಂದು ಬದಿ ಜೋಮು ಹಿಡಿದಂತಿರುವುದು ಮೊದಲ ವಾರದಲ್ಲಿ ಮಾಮೂಲು. ಬಾಯಿಯನ್ನು ಅಗಲವಾಗಿ ಹಿಡಿದಿಡಲು ನಾಲಗೆಯ ಮೇಲೆ ಲೋಹದ ಪಟ್ಟಿ ಒತ್ತಿ ಇಟ್ಟಿದ್ದರ ಫಲ ಅದು. 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನ ಮೈಬಿಸಿಯೂ ಬರಬಹುದು, ಹಲವು ಸಲ ಅದಕ್ಕೆ ನೀರು ಸಾಲದಿರುವುದೇ ಕಾರಣ. 101.5 ದಾಟಿ ಇಳಿಯದಿದ್ದರೆ ವೈದ್ಯರನ್ನು ಕೇಳಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗಿ, ಇಲಿಜ್ವರ ಎರಡೂ ಓಡಾಡುತ್ತಿರುತ್ತವೆ. ಎಲ್ಲ ಜ್ವರವನ್ನೂ ಟಾನ್ಸಿಲ್ ತಲೆಗೆ ಕಟ್ಟುವಂತಿಲ್ಲ.

ಇನ್ನು ಕಿವಿ. ಟಾನ್ಸಿಲ್ ಗುಳಿಗೆ ಹೋಗುವ ನರದ್ದೇ ಒಂದು ಕವಲು ನಡುಗಿವಿಗೂ ಹೋಗುತ್ತದೆ. ಗಂಟಲಿನ ಸಂಕೇತವನ್ನು ಮಿದುಳು ಕಿವಿಯದೆಂದು ತಿಳಿಯುತ್ತದೆ. ಆಕಳಿಸುವಾಗ, ನುಂಗುವಾಗ ಕಿವಿಯೊಳಗೆ ಸೂಜಿ ಚುಚ್ಚಿದಂತಾಗುವುದು ಹೀಗೆ. ಕಿವಿಯಲ್ಲಿ ಏನೂ ಆಗಿರುವುದಿಲ್ಲವಾದ್ದರಿಂದ ಬೆಚ್ಚಗಿನ ತೆಂಗಿನೆಣ್ಣೆಯನ್ನೋ ಬೆಳ್ಳುಳ್ಳಿ ರಸವನ್ನೋ ಬಿಟ್ಟು ಹೊಸ ತೊಂದರೆ ತಂದುಕೊಳ್ಳಬಾರದು. ಗಂಟಲಿನ ನೋವಿಗೆ ಕೊಟ್ಟ ಮದ್ದೇ ಕಿವಿಗೂ ಮದ್ದು.

ಮದ್ದು ಗಡಿಯಾರ ನೋಡಿ, ನೋವು ನೋಡಿ ಅಲ್ಲ

ಹೆಚ್ಚಿನವರು ಸೋಲುವುದು ಇಲ್ಲೇ. ನೋವು ತಡೆಯಲಾಗದೆ ಹೋದಾಗ ಮಾತ್ರ ಮಾತ್ರೆ ಎಂದು ಕಾದರೆ, ಅಷ್ಟು ಹೊತ್ತಿಗೆ ನುಂಗಲು ಆಗುವುದಿಲ್ಲ, ನುಂಗದಿದ್ದರೆ ನೀರಿಲ್ಲ, ನೀರಿಲ್ಲದೆ ಗಾಯ ಒಣಗಿ ಬಿರಿದು ನೋವು ಇಮ್ಮಡಿ. ಈ ಸುಳಿಗೆ ಸಿಕ್ಕಿದವರನ್ನು ಡ್ರಿಪ್ ಹಾಕಲು ಮತ್ತೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಆದ್ದರಿಂದ ಮೊದಲ 10 ದಿನ ನೋವಿರಲಿ ಇಲ್ಲದಿರಲಿ ಗಡಿಯಾರದ ಪ್ರಕಾರ ಮದ್ದು.

50 ಕಿಲೋಗಿಂತ ಹೆಚ್ಚು ತೂಕದ, ಯಕೃತ್ತಿನ ಕಾಯಿಲೆಯಿಲ್ಲದ ವಯಸ್ಕರಿಗೆ ಪಾರಸಿಟಮಾಲ್ ಒಂದು ಸಲಕ್ಕೆ 1 ಗ್ರಾಂ, ಅಂದರೆ 500ರ ಎರಡು ಮಾತ್ರೆ, 6 ಗಂಟೆಗೊಮ್ಮೆ. ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 12. ಇಡೀ ದಿನಕ್ಕೆ 4 ಗ್ರಾಂ ದಾಟಲೇಬಾರದು. 650ರ ಮಾತ್ರೆಯಾದರೆ ಒಂದೊಂದರಂತೆ, 4ರಿಂದ 6 ಗಂಟೆಯ ಅಂತರದಲ್ಲಿ, ದಿನಕ್ಕೆ 6 ಮೀರದಂತೆ. 50 ಕಿಲೋಗಿಂತ ಕಡಿಮೆ ಇರುವವರಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕ: 40 ಕಿಲೋ ಇದ್ದರೆ ಸಲಕ್ಕೆ 600 ಮಿಲಿಗ್ರಾಂ. ಮದ್ಯಪಾನದ ಅಭ್ಯಾಸವೋ ಯಕೃತ್ತಿನ ತೊಂದರೆಯೋ ಇದ್ದರೆ ಪ್ರಮಾಣ ಇನ್ನೂ ಇಳಿಯುತ್ತದೆ, ಅದನ್ನು ವೈದ್ಯರೇ ಹೇಳಬೇಕು. ಒಂದು ಅಪಾಯ ಇಲ್ಲಿ ಅಡಗಿದೆ. ನೋವಿನ ಎಷ್ಟೋ ಜೋಡಿ ಮಾತ್ರೆಗಳಲ್ಲಿ, ಶೀತದ ಮಾತ್ರೆಗಳಲ್ಲಿ ಪಾರಸಿಟಮಾಲ್ ಮೊದಲೇ ಸೇರಿರುತ್ತದೆ. ಪಟ್ಟಿಯ ಹಿಂಭಾಗದ ಸಣ್ಣಕ್ಷರ ಓದಿ ಒಟ್ಟು ಲೆಕ್ಕ ಹಾಕಬೇಕು.

ಐಬುಪ್ರೊಫೇನ್‌ನಂಥ ಬಾವಿಳಿಸುವ ಮದ್ದು ಜೊತೆಗಿದ್ದರೆ ನೋವು ಇನ್ನೂ ಚೆನ್ನಾಗಿ ಹತೋಟಿಗೆ ಬರುತ್ತದೆ. 400 ಮಿಲಿಗ್ರಾಂ, 8 ಗಂಟೆಗೊಮ್ಮೆ, ಹೊಟ್ಟೆಗೇನಾದರೂ ಬಿದ್ದ ಮೇಲೆ. ಇದನ್ನು ಶಸ್ತ್ರಕ್ರಿಯೆ ಮಾಡಿದ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಅಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ, ಡೆಂಗಿಯ ಸಂಶಯ ಇದ್ದರೆ ಬೇಡ. ಆಸ್ಪಿರಿನ್ ನೋವಿಗೆಂದು ತೆಗೆದುಕೊಳ್ಳಲೇಬಾರದು. ಹೃದಯಕ್ಕಾಗಿ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನುಂಗುವವರು ಯಾವಾಗ ನಿಲ್ಲಿಸಬೇಕು, ಯಾವಾಗ ಶುರುಮಾಡಬೇಕು ಎಂಬುದನ್ನು ಹೃದಯದ ವೈದ್ಯರನ್ನೂ ಕೇಳಿ ಬರೆಸಿಕೊಂಡಿರಬೇಕು. ಟ್ರಾಮಡಾಲ್ ಎಂಬ ಬಲವಾದ ನೋವಿನ ಮದ್ದು ಕೊಟ್ಟಿದ್ದರೆ ಮಲಬದ್ಧತೆ, ವಾಕರಿಕೆ, ಮಂಪರು ಬರುತ್ತವೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆಂದೇ ಟಾನ್ಸಿಲ್ ತೆಗೆಸಿದವರಿಗೆ ಈ ಮಂಪರು ಅಪಾಯ. ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಮನೆಯಲ್ಲಿ ಇದ್ದರೆ ಅದನ್ನು ಎಂದಿನಿಂದ ಹಾಕಬಹುದು ಎಂದು ಕೇಳಿಕೊಂಡೇ ಮನೆಗೆ ಬರಬೇಕು.

ಮಾತ್ರೆ ನುಂಗಲಾಗದಿದ್ದರೆ ದಾರಿಯಿದೆ. 5 ಮಿಲಿಗೆ 250 ಮಿಲಿಗ್ರಾಂ ಇರುವ ಮಕ್ಕಳ ಪಾರಸಿಟಮಾಲ್ ಸಿರಪ್ ಮೆಡಿಕಲ್‌ಗಳಲ್ಲಿ ಸಿಗುತ್ತದೆ. 1 ಗ್ರಾಂ ಆಗಬೇಕಾದರೆ 20 ಮಿಲಿ. 125ರ ಸಿರಪ್ಪಾದರೆ 40 ಮಿಲಿ ಬೇಕಾಗುತ್ತದೆ, ಕೊಳ್ಳುವಾಗಲೇ ನೋಡಿ ಕೊಳ್ಳಿ. ಸಾದಾ ಮಾತ್ರೆಯನ್ನು ಎರಡು ಚಮಚಗಳ ನಡುವೆ ಹುಡಿಮಾಡಿ ತೆಳ್ಳಗಿನ ರಾಗಿ ಮಣ್ಣಿಯಲ್ಲಿ ಕಲಸಿಯೂ ಕೊಡಬಹುದು. ಆದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು, ಗ್ಯಾಸಿನ ಮಾತ್ರೆಗಳನ್ನು ಹುಡಿಮಾಡುವಂತಿಲ್ಲ. ಅವುಗಳ ಹೊರಪದರಕ್ಕೊಂದು ಕೆಲಸವಿದೆ.

ಮದ್ದು ಕೊಟ್ಟು 30ರಿಂದ 45 ನಿಮಿಷಕ್ಕೆ ಊಟ. ಆಗ ಅದರ ಬಲ ಏರಿರುತ್ತದೆ. ರಾತ್ರಿ 12ರ ಮದ್ದಿಗೆ ಅಲಾರಂ ಇಡಿ. ನಿದ್ದೆ ಕೆಡಿಸುವುದು ಬೇಡವೆಂದು ಬಿಟ್ಟರೆ, ಆರೇಳು ಗಂಟೆ ಬಾಯಿ ತೆರೆದು ಉಸಿರಾಡಿ ಒಣಗಿದ ಗಂಟಲು ಬೆಳಗ್ಗೆ ಅದರ ಸೇಡು ತೀರಿಸಿಕೊಳ್ಳುತ್ತದೆ.

ಆಂಟಿಬಯೋಟಿಕ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಮುಗಿಸಿ. ಕೊಡದಿದ್ದರೆ ಕೇಳಿ ಪಡೆಯಬೇಕಾಗಿಲ್ಲ. ಅದು ನೋವನ್ನಾಗಲಿ ರಕ್ತಸ್ರಾವವನ್ನಾಗಲಿ ಗಣನೀಯವಾಗಿ ತಗ್ಗಿಸುವುದಿಲ್ಲ. ಉಪ್ಪುನೀರಿನಲ್ಲಿ ಗಳಗಳ ಮಾಡುವುದು ಗಂಟಲು ನೋವಿಗೆ ನಮ್ಮಲ್ಲಿ ಮೊದಲ ಮದ್ದು. ಇಲ್ಲಿ ಮಾತ್ರ ಜೋರಾಗಿ ಗಳಗಳ ಮಾಡಿದರೆ ಪೊರೆ ಹೊತ್ತಿಗೆ ಮೊದಲೇ ಕಿತ್ತುಬರುತ್ತದೆ. ಬಾಯಲ್ಲಿ ನೀರು ತುಂಬಿ ಅತ್ತಿತ್ತ ಹೊರಳಿಸಿ ಚೆಲ್ಲಿದರೆ ಸಾಕು. ಹಲ್ಲು ಮೆತ್ತಗೆ ಉಜ್ಜಿ, ನಾಲಗೆಯ ಬುಡದವರೆಗೆ ಹೋಗಬೇಡಿ.

ನೀರು, ಗಂಜಿ, ಬೊಂಡ

ದಿನಕ್ಕೆ 2ರಿಂದ 2.5 ಲೀಟರ್ ದ್ರವ ಒಳಗೆ ಹೋಗಬೇಕು. ಒಂದೇ ಲೋಟವನ್ನು ಒಮ್ಮೆಗೇ ಕುಡಿಯುವುದಕ್ಕಿಂತ ಎಚ್ಚರವಿರುವಾಗಲೆಲ್ಲ 10–15 ನಿಮಿಷಕ್ಕೆ ಎರಡು ಮೂರು ಗುಟುಕು ಹಾಕುವುದು ಸುಲಭ. ಒಂದು ಲೀಟರಿನ ಎರಡು ಬಾಟಲಿ ಬೆಳಗ್ಗೆಯೇ ತುಂಬಿಸಿಟ್ಟು ರಾತ್ರಿಯೊಳಗೆ ಖಾಲಿ ಮಾಡುವುದು ಒಳ್ಳೆಯ ಕ್ರಮ. ಮೂತ್ರ ತಿಳಿಹಳದಿ ಇದ್ದರೆ ಸಾಲುತ್ತಿದೆ, ಗಾಢವಾದರೆ ಸಾಲುತ್ತಿಲ್ಲ, 8 ಗಂಟೆ ಮೂತ್ರವೇ ಇಲ್ಲವಾದರೆ ಆಸ್ಪತ್ರೆಗೆ.

ತಣ್ಣಗಿನದು ಗಂಟಲಿಗೆ ಹಿತ, ಎಷ್ಟು ತಣ್ಣಗಿದ್ದರೂ ಇದರಿಂದ ಶೀತವಾಗುವುದಿಲ್ಲ. ತಂಪು ರಕ್ತನಾಳಗಳನ್ನು ಕುಗ್ಗಿಸಿ ಬಾವಿಳಿಸುತ್ತದೆ, ನರವನ್ನು ಮರಗಟ್ಟಿಸುತ್ತದೆ. ಐಸ್ ಚೂರು ಬಾಯಲ್ಲಿಟ್ಟು ಕರಗಿಸುವುದು ಊಟಕ್ಕೆ ಮೊದಲು ಬಹಳ ಸಹಾಯ. ಜೂನ್‌–ಜುಲೈಯಲ್ಲಿ ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಕೈಕೊಡುವ ಊರಾದರೆ ಐಸಿಗೆ ಬೇರೆ ಏರ್ಪಾಡು ಮಾಡಿಕೊಂಡಿರಬೇಕು; ಹಳೆಯ ಮಣ್ಣಿನ ಹೂಜಿಯ ನೀರೂ ಆದೀತು. ಮಳೆಗಾಲದ ಗಾಳಿಯಲ್ಲೇ ತೇವ ಇರುವುದು ಒಂದು ಅನುಕೂಲ. ಏಪ್ರಿಲ್ ಬೇಸಿಗೆಯಲ್ಲಾದರೆ ಫ್ಯಾನು ನೇರ ಮುಖಕ್ಕೆ ಬೀಸದಂತೆ ಮಲಗಿ, ಕಿಟಕಿಗೆ ಒದ್ದೆ ಬಟ್ಟೆ ನೇತುಹಾಕಿ. ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿರಲಿ.

ಬೊಂಡದ ನೀರು, ಅಂದರೆ ಎಳನೀರು, ಅತ್ಯುತ್ತಮ; ಹುಳಿಯಿಲ್ಲ, ಲವಣವಿದೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿ ಕುಡಿಯಬೇಕು. ಬೊಂಡದೊಳಗಿನ ಎಳೆಯ ತಿರುಳು ಚಮಚದಲ್ಲಿ ಕೆರೆದರೆ ಜಾರುವಂತಿದ್ದರೆ ಅದೂ ಆಗಬಹುದು. ಕುಚ್ಚಲಕ್ಕಿ ಗಂಜಿಯ ಅಗುಳು ದೊರಗು, ಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ; ಮೊದಲ ವಾರ ಅದರ ತೆಳಿ ಮಾತ್ರ ಉಪ್ಪು ಹಾಕಿ ಕುಡಿಯಿರಿ, ಅಥವಾ ಬೆಳ್ತಿಗೆ ಅಕ್ಕಿಯನ್ನು ಹಿಸುಕಿದರೆ ಮಾಯವಾಗುವಷ್ಟು ಬೇಯಿಸಿ. ರಾಗಿ ಮಣ್ಣಿಯನ್ನು ಗಟ್ಟಿ ಹಲ್ವದಂತೆ ಕಾಸದೆ, 2 ಚಮಚ ರಾಗಿ ಹುಡಿಗೆ ಒಂದೂವರೆ ಲೋಟ ನೀರಿಟ್ಟು ಕುಡಿಯುವ ಹದಕ್ಕೆ ಇಳಿಸಿ, ಬೆಲ್ಲ ಹಾಕಿ ಸೋಸಿ, ಆರಿಸಿ. ಹೆಸರುಬೇಳೆ ನುಣ್ಣಗೆ ಬೇಯಿಸಿ ತೆಂಗಿನ ಹಾಲು ಸೇರಿಸಿದ ತೆಳು ಪಾಯಸದಲ್ಲಿ ಪ್ರೋಟೀನೂ ಸಿಗುತ್ತದೆ, ಜಾರಲು ಜಿಡ್ಡೂ ಸಿಗುತ್ತದೆ. ತಿಮರೆ (ಒಂದೆಲಗ) ತಂಬುಳಿ ಈ ಹೊತ್ತಿಗೇ ಹುಟ್ಟಿದ ಪದಾರ್ಥದಂತಿದೆ. ಒಳ್ಳೆಮೆಣಸು ಮತ್ತು ಒಗ್ಗರಣೆಯ ಮೆಣಸು ಬಿಡಬೇಕು, ಹುಳಿಯಾಗದ ಮಜ್ಜಿಗೆ ಹಾಕಬೇಕು, ತೆಂಗಿನಕಾಯಿ ಸಿಪ್ಪೆ ಉಳಿಯದಂತೆ ಅರೆದು ಸೋಸಬೇಕು. ನಾಲ್ಕನೇ ದಿನದ ನಂತರ ತೆಂಗಿನ ಹಾಲಿನಲ್ಲಿ ನೆನೆಸಿದ ನೀರುದೋಸೆ, ಅರೆಬೆಂದ ಮೊಟ್ಟೆ, ಚೆನ್ನಾಗಿ ಹಣ್ಣಾದ ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿದ್ದು ಹೋದೀತು. ಹಾಲು ಕುಡಿದ ಮೇಲೆ ಕಫ ಕಟ್ಟಿದಂತೆ ಅನಿಸಿದರೆ ಎರಡು ಗುಟುಕು ನೀರು ಕುಡಿಯಿರಿ, ಹಾಲು ಬಿಡಬೇಕಾಗಿಲ್ಲ.

ಮೆಲ್ಲಗೆ ನುಂಗುವುದನ್ನು ಮುಂದುವರಿಸಿದಷ್ಟೂ ಸ್ನಾಯು ಬಿಗಿಯುವುದಿಲ್ಲ. ಪೂರ್ತಿ ದ್ರವದಲ್ಲೇ ಎರಡು ವಾರ ಕಳೆಯಬೇಕೆಂಬ ನಿಯಮವೇನೂ ಇಲ್ಲ. ಮೆತ್ತಗಿನದು ಇಳಿಯುತ್ತಿದ್ದರೆ ತಿನ್ನಿ. ಎರಡು ವಾರ ದೂರವಿಡಬೇಕಾದದ್ದು ಚೂಪಾದದ್ದು, ಖಾರ, ಹುಳಿ, ಸುಡುವ ಬಿಸಿ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಚಕ್ಕುಲಿ ಗಾಯವನ್ನು ಗೀರುತ್ತವೆ. ಮಿಡಿ ಉಪ್ಪಿನಕಾಯಿ, ಲಿಂಬೆ, ಅನಾನಸು ಉರಿ ಎಬ್ಬಿಸುತ್ತವೆ. ಮೀನು ತಿನ್ನುವವರು ಬೂತಾಯಿಯಂಥ ಸಣ್ಣ ಮುಳ್ಳಿನದನ್ನು ಮೂರು ವಾರ ಬಿಡಲಿ.

ಬಣ್ಣದ ವಿಷಯ ನಮ್ಮ ಕಾಸರಗೋಡಿನ ಕಡೆಯಲ್ಲಿ ವಿಶೇಷವಾಗಿ ಹೇಳಬೇಕು. ಕೇರಳದ ಮನೆ, ಹೋಟೆಲುಗಳಲ್ಲಿ ದಾಹಶಮನಿ ಎಂಬ ಗಿಡಮೂಲಿಕೆಯ ಮಿಶ್ರಣ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರು ಸಾಮಾನ್ಯ. ಪುನರ್ಪುಳಿ (ಕೋಕಂ) ಶರಬತ್ತು, ಬೀಟ್‌ರೂಟ್, ಕೆಂಪು ಐಸ್‌ಕ್ಯಾಂಡಿಯೂ ಹಾಗೆಯೇ. ಇವನ್ನು ಕುಡಿದು ಉಗುಳಿದರೆ ಅದು ರಕ್ತವೋ ಬಣ್ಣವೋ ತಿಳಿಯುವುದಿಲ್ಲ. ಎರಡು ವಾರ ಜೀರಿಗೆ ಹಾಕಿಯೋ ಹಾಗೆಯೋ ಕುದಿಸಿ ಆರಿಸಿದ ನೀರೇ ಇರಲಿ. ಎಲೆಯಡಿಕೆ ಹಾಕುವವರಿಗೆ ಇದು ಇನ್ನೂ ಮುಖ್ಯ. ಸುಣ್ಣ ಹಸಿ ಗಾಯವನ್ನು ಸುಡುತ್ತದೆ, ಅಡಿಕೆಯ ಹೋಳು ಗೀರುತ್ತದೆ, ಹೊಗೆಸೊಪ್ಪು ಗಾಯ ಮಾಗುವುದನ್ನು ತಡೆಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕೆಂಪೆಂಜಲಿನಲ್ಲಿ ರಕ್ತ ಕಾಣಿಸದೆ ಹೋಗುತ್ತದೆ. ಬೀಡಿ, ಸಿಗರೇಟು, ಮದ್ಯವೂ ಎರಡು ವಾರ ಬೇಡ. ರಂಜಾನ್ ಉಪವಾಸ, ಏಕಾದಶಿ, ಶನಿವಾರದ ಒಪ್ಪತ್ತು ಯಾವುದನ್ನೂ ಈ ಅವಧಿಯಲ್ಲಿ ಹಿಡಿಯಬಾರದು. ನೀರಿಲ್ಲದ ಹಗಲು ಈ ಗಾಯಕ್ಕೆ ಆಗದು.

ರಕ್ತ ಕಂಡರೆ

ರಕ್ತಸ್ರಾವಕ್ಕೆ ಎರಡು ಕಾಲ. ಮೊದಲ 24 ಗಂಟೆಯೊಳಗಿನದು, ಅದಕ್ಕಾಗಿಯೇ ಆ ರಾತ್ರಿ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವುದುಂಟು. ಎರಡನೆಯದು ಪೊರೆ ಕಳಚುವ ಐದರಿಂದ ಹತ್ತನೇ ದಿನ, ಆಗ ರೋಗಿ ಮನೆಯಲ್ಲಿರುತ್ತಾರೆ. 2003–04ರಲ್ಲಿ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಸುಮಾರು 34 ಸಾವಿರ ಶಸ್ತ್ರಕ್ರಿಯೆಗಳನ್ನು ಲೆಕ್ಕಹಾಕಿದಾಗ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2ಕ್ಕಿಂತ ಕಡಿಮೆ ಮಂದಿಗೆ, 16 ದಾಟಿದವರಲ್ಲಿ ಸುಮಾರು 5 ಮಂದಿಗೆ ರಕ್ತಸ್ರಾವವಾಗಿತ್ತು. ಹೆಚ್ಚಿನವು ನಿಂತುಹೋಗುತ್ತವೆ, ಕೆಲವಕ್ಕೆ ಮತ್ತೆ ಅರಿವಳಿಕೆ ಕೊಟ್ಟು ರಕ್ತನಾಳ ಕಟ್ಟಬೇಕಾಗುತ್ತದೆ.

ಎಂಜಲಿನಲ್ಲಿ ಹಳೆಯ ಕಂದು ಎಳೆಯೊಂದು ಕಂಡರೆ ತಣ್ಣೀರು ಬಾಯಲ್ಲಿ ಹೊರಳಿಸಿ ಚೆಲ್ಲಿ, ವೈದ್ಯರಿಗೆ ಫೋನ್ ಮಾಡಿ, ಗಮನಿಸುತ್ತಿರಿ. ಹೊಸ ಕೆಂಪು ರಕ್ತ ಬಂದರೆ, ಅದು ಒಂದು ಚಮಚವೇ ಆಗಿರಲಿ, ತಾನಾಗಿ ನಿಂತೇ ಹೋಗಿರಲಿ, ಆಸ್ಪತ್ರೆಗೆ ಹೋಗಬೇಕು. ದೊಡ್ಡ ಸ್ರಾವಕ್ಕೆ ಮೊದಲು ಹೀಗೊಂದು ಸಣ್ಣದು ಬಂದು ನಿಲ್ಲುವುದುಂಟು. ನಿದ್ದೆಯಲ್ಲಿ ಪದೇ ಪದೇ ಏನನ್ನೋ ನುಂಗುತ್ತಿರುವುದು, ಕಾಫಿ ಹುಡಿಯಂತೆ ಕಪ್ಪು ವಾಂತಿ, ಕಪ್ಪು ಮಲ, ಬಿಳಿಚಿದ ಮುಖ, ತಲೆಸುತ್ತು ರಕ್ತ ಒಳಕ್ಕೆ ಇಳಿಯುತ್ತಿರುವುದರ ಗುರುತು.

ಹೊರಡುವವರೆಗೆ ಹೀಗೆ ಮಾಡಿ: ರೋಗಿಯನ್ನು ಮಲಗಿಸಬೇಡಿ, ನೇರ ಕೂರಿಸಿ ಮುಂದಕ್ಕೆ ಬಾಗಿಸಿ. ಬಂದ ರಕ್ತವನ್ನು ನುಂಗದೆ ಪಾತ್ರೆಗೆ ಉಗುಳಲಿ, ಎಷ್ಟಾಯಿತೆಂದು ವೈದ್ಯರಿಗೂ ಗೊತ್ತಾಗುತ್ತದೆ. ಐಸ್ ನೀರು ಬಾಯಲ್ಲಿ ತುಂಬಿಸಿ ಮೆಲ್ಲಗೆ ಚೆಲ್ಲಲಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಕುತ್ತಿಗೆಯ ಬದಿಗೆ ಇಡಬಹುದು. ಗಂಟಲೊಳಗೆ ಬೆರಳು, ಹತ್ತಿ, ಅರಶಿನ ಯಾವುದೂ ಹೋಗಬಾರದು. ಊಟ, ಚಾ ಕೊಡಬೇಡಿ; ಮತ್ತೆ ಅರಿವಳಿಕೆ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಡಿಸ್ಚಾರ್ಜ್ ಕಾಗದ, ಮದ್ದಿನ ಪಟ್ಟಿ ಒಂದೇ ಚೀಲದಲ್ಲಿ ಸಿದ್ಧವಿರಲಿ. ರೋಗಿಯೇ ಗಾಡಿ ಓಡಿಸುವುದು, ಬೈಕಿನ ಹಿಂದೆ ಕೂರುವುದು ಬೇಡ.

ಎಲ್ಲಿಗೆ ಹೋಗುವುದೆಂದು ಮೊದಲೇ ತೀರ್ಮಾನವಾಗಿರಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡ್ರಿಪ್ ಹಾಕಿಯಾರು, ಗಂಟಲಿನ ರಕ್ತನಾಳ ಕಟ್ಟಲು ಕಿವಿ-ಮೂಗು-ಗಂಟಲು ತಜ್ಞರು, ಅರಿವಳಿಕೆ ತಜ್ಞರು, ಓಪರೇಷನ್ ಥಿಯೇಟರ್ ಮೂರೂ ಬೇಕು. ಮಂಜೇಶ್ವರ, ಉಪ್ಪಳದವರಿಗೆ ತಲಪಾಡಿ ದಾಟಿದರೆ ದೇರಳಕಟ್ಟೆ, ಮಂಗಳೂರು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತೆಂಕಣವರಿಗೆ ಕಾಞಂಗಾಡು, ಪರಿಯಾರಂ. ಎಲ್ಲಿ ರಾತ್ರಿಯೂ ತಜ್ಞರು ಸಿಗುತ್ತಾರೆ ಎಂದು ಡಿಸ್ಚಾರ್ಜಿನ ದಿನವೇ ಕೇಳಿ ನಂಬರು ಬರೆದಿಟ್ಟುಕೊಳ್ಳಿ. ಅಡೂರು, ದೇಲಂಪಾಡಿ, ಪಾಣತ್ತೂರಿನಂಥ ಒಳಊರಿನವರು, ಅದರಲ್ಲೂ ಮಳೆಗಾಲದಲ್ಲಿ, ಐದರಿಂದ ಹತ್ತನೇ ದಿನದವರೆಗೆ ಪೇಟೆಯ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಎಷ್ಟೋ ಲೇಸು. 108 ಕೇರಳ–ಕರ್ನಾಟಕ ಗಡಿಯ ಎರಡೂ ಕಡೆ ಆಂಬುಲೆನ್ಸಿನ ನಂಬರು. ಫೋನಿನ ಆ ಕಡೆ ಮಲಯಾಳ ಮಾತ್ರ ಬರುವವರಿದ್ದರೆ "ಟಾನ್ಸಿಲ್ ಓಪರೇಷನ್ ಕಳಿಞ್ಞದಾಣ್, ತೊಂಡಯಿಲ್ ನಿನ್ನ್ ಚೋರ ವರುನ್ನು" ಎಂದರೆ ವಿಷಯ ಮುಟ್ಟುತ್ತದೆ. ಮನೆಯ ಹಿರಿಯರಿಗೂ ಈ ಸಾಲನ್ನು ಬರೆದು ಗೋಡೆಗೆ ಅಂಟಿಸಿ.

ಕೆಲಸ, ಸ್ವರ, ವಿಮಾನ

ರಕ್ತದೊತ್ತಡ ಏರಿಸುವ ಯಾವ ಕೆಲಸವೂ ಎರಡು ವಾರ ಬೇಡ. ಅಡಿಕೆ ಮರ ಹತ್ತುವುದು, ಮದ್ದು ಬಿಡುವ ಪಂಪು ಹೊರುವುದು, ಗೊಬ್ಬರದ ಬುಟ್ಟಿ, ಬಾವಿಯಿಂದ ನೀರು ಸೇದುವುದು ಎಲ್ಲ ಇದರಲ್ಲಿ ಸೇರುತ್ತವೆ. ಮಲವಿಸರ್ಜನೆಗೆ ತಿಣುಕುವುದೂ ಇದೇ ಲೆಕ್ಕ. ಎರಡು ದಿನ ಹೊಟ್ಟೆ ಹೋಗದಿದ್ದರೆ ಸಡಿಲಿಸುವ ಸಿರಪ್ ಕೇಳಿ ಪಡೆಯಿರಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಕೂತು ಮಾಡುವ ಕೆಲಸಕ್ಕೆ 10ರಿಂದ 14 ದಿನದ ರಜೆ ಸಾಕು. ಅಧ್ಯಾಪಕರು ಮೂರನೇ ವಾರದಲ್ಲಿ ಶುರುಮಾಡಿ, ಮೊದಲ ದಿನಗಳಲ್ಲಿ ತರಗತಿ ಕಡಿಮೆ ಮಾಡಿಕೊಳ್ಳಬೇಕು.

ಭಾಗವತರು, ತಾಳಮದ್ದಳೆಯ ಅರ್ಥಧಾರಿಗಳು, ಭಜನೆ ಹಾಡುವವರು ಶಸ್ತ್ರಕ್ರಿಯೆಗೆ ಮೊದಲೇ ತಮ್ಮ ವೃತ್ತಿ ಹೇಳಬೇಕು. ಸ್ವರತಂತುಗಳನ್ನು ಮುಟ್ಟುವುದಿಲ್ಲವಾದರೂ ಗಂಟಲಿನ ಹಿಂದಿನ ಜಾಗ ಅಗಲವಾದಾಗ ಸ್ವರದ ಗುಂಜು ತುಸು ಬದಲಾಗಬಹುದು. ಕೆಲವು ವಾರಗಳಲ್ಲಿ ಕಿವಿಯೂ ಗಂಟಲೂ ಅದಕ್ಕೆ ಹೊಂದಿಕೊಳ್ಳುತ್ತವೆ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲಿನ ಬಿಡುವು ಇದಕ್ಕೆ ಸರಿಯಾದ ಕಾಲ.

ಗಲ್ಫಿನಿಂದ ಒಂದು ತಿಂಗಳ ರಜೆಗೆ ಬಂದವರು ಮದುವೆ, ಗೃಹಪ್ರವೇಶ ಎಲ್ಲ ಮುಗಿಸಿ ಕೊನೆಯ ವಾರ ಶಸ್ತ್ರಕ್ರಿಯೆಗೆ ಕೂರುವುದುಂಟು. ಇದು ತಪ್ಪು ಕ್ರಮ. ಎರಡು ವಾರ ಆಗುವ ಮೊದಲು ವಿಮಾನ ಹತ್ತಬಾರದು; ಆಕಾಶದಲ್ಲಿ ರಕ್ತ ಬಂದರೆ ಕಟ್ಟುವವರಿಲ್ಲ. ಬಂದ ಮೊದಲ ವಾರದಲ್ಲೇ ಮಾಡಿಸಿ, ಮರುತಪಾಸಣೆ ಮುಗಿಸಿ ಹೊರಡಿ.

ಎರಡು ವಾರದಲ್ಲಿ ಕೆಲವು ಕಿಲೋ ಇಳಿಯುವುದು, ಬಾಯಲ್ಲಿ ಲೋಹದ ರುಚಿ, ನುಂಗುವಾಗ ಏನೋ ಎಳೆದಂತಾಗುವುದು ಕೆಲಕಾಲ ಉಳಿದು ಹೋಗುತ್ತವೆ. ಟಾನ್ಸಿಲ್ ಇಲ್ಲದೆ ರೋಗನಿರೋಧಕ ಶಕ್ತಿ ಕುಂದುತ್ತದೆಂಬ ಭಯ ಬೇಡ, ಅದೇ ಬಗೆಯ ಅಂಗಾಂಶ ನಾಲಗೆಯ ಬುಡದಲ್ಲೂ ಗಂಟಲಿನ ಸುತ್ತಲೂ ಇದೆ. ಮುಂದೆಯೂ ಶೀತದ ಗಂಟಲು ನೋವು ಬಂದೀತು, ಬರದಿರುವುದು ಟಾನ್ಸಿಲಿನ ಬಾವು.

ತೆಗೆದ ಟಾನ್ಸಿಲನ್ನು ಪರೀಕ್ಷೆಗೆ ಕಳಿಸಿದ್ದರೆ ಆ ವರದಿಯನ್ನು ಮರೆಯದೆ ಪಡೆಯಬೇಕು. ಒಂದು ಬದಿ ಮಾತ್ರ ದೊಡ್ಡದಿತ್ತೆಂದೋ, ಹುಣ್ಣಿತ್ತೆಂದೋ ತೆಗೆಸಿದವರಿಗೆ, ಎಲೆಯಡಿಕೆ ಹೊಗೆಸೊಪ್ಪಿನ ಅಭ್ಯಾಸವಿದ್ದವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾಗದ. ನೋವು ಹೋಯಿತೆಂದು ಮರುತಪಾಸಣೆಗೆ ಹೋಗದಿದ್ದರೆ ವರದಿ ಆಸ್ಪತ್ರೆಯ ಕಡತದಲ್ಲೇ ಉಳಿಯುತ್ತದೆ. ಎಷ್ಟು ದಿನಕ್ಕೆ ಬರುತ್ತದೆ, ಯಾರ ಕೈಯಿಂದ ಪಡೆಯಬೇಕು ಎಂದು ಡಿಸ್ಚಾರ್ಜಿನ ದಿನವೇ ಕೇಳಿ, ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.